ನೆಲಮಂಗಲ ಕಡೆ ಮನೆ ತಗೊಳ್ಳೋರಿಗೆ: ಅಡ್ವಾನ್ಸ್ ಕೊಡೋ ಮುಂಚೆ ಯಾವುದಾದ್ಮೇಲೆ ಯಾವುದು ಮಾಡ್ಬೇಕು

ನೆಲಮಂಗಲ, ಹೊಸಕೋಟೆ, ದೊಡ್ಡಬಳ್ಳಾಪುರ, ಆನೇಕಲ್, ಬಿಡದಿ ಕಡೆ ಮನೆನೋ ಸೈಟೋ ನೋಡ್ತಿರೋರು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಐದು ಲಕ್ಷ ಅಡ್ವಾನ್ಸ್ ಕೊಟ್ಟಾಗಿದೆ, ಈಗ ಬ್ಯಾಂಕ್‌ನವ್ರು ಪೇಪರ್ ಸರಿಯಿಲ್ಲ ಲೋನ್ ಆಗಲ್ಲ ಅಂತಿದಾರೆ, ಓನರ್ ದುಡ್ಡು ವಾಪಸ್ ಕೊಡ್ತಿಲ್ಲ, ಏನ್ ಮಾಡೋದು?" ಇವ್ರು ಯಾರೂ ಸೋಮಾರಿಗಳಲ್ಲ, ಲಾಯರ್ ಹತ್ರ ಹೋಗಿರ್ತಾರೆ, ಇಸಿ (ಆಸ್ತಿ ಮೇಲೆ ರಿಜಿಸ್ಟರ್ ಆದ ವ್ಯವಹಾರ, ಸಾಲದ ಪಟ್ಟಿ) ತೆಗೆಸಿರ್ತಾರೆ, ನೀರು ಕೇಳಿರ್ತಾರೆ, ಆದ್ರೆ ಎಲ್ಲಾನೂ ದುಡ್ಡು ಕೊಟ್ಟ ಮೇಲೆ ಮಾಡಿರ್ತಾರೆ. ಅದಕ್ಕೇ ಇಲ್ಲಿ ಆರ್ಡರ್‌ಗೆ ಜಾಸ್ತಿ ಒತ್ತು ಕೊಟ್ಟಿದೀನಿ. ನೆಲಮಂಗಲನ ಉದಾಹರಣೆಗೆ ಇಟ್ಕೊಂಡಿದೀನಿ, ಬೆಂಗಳೂರು ಸುತ್ತಮುತ್ತಲ ಬೇರೆ ಊರುಗಳಿಗೂ ಬಹುಪಾಲು ಇದೇ ನಡೆಯುತ್ತೆ.

ಶುರು ಮಾಡೋ ಮುಂಚೆ ಕೈಲಿ ಇರ್ಬೇಕಾದ್ದು

ಫೋನಲ್ಲಿ ದಿಶಾಂಕ್ ಆಪ್ (ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ), ಕಾವೇರಿ ವೆಬ್‌ಸೈಟಲ್ಲಿ (ನೋಂದಣಿ ಇಲಾಖೆಯದ್ದು) ಒಂದು ಲಾಗಿನ್, ನೂರು ಅಡಿ ಟೇಪು, ನೀರಿನ ಟಿಡಿಎಸ್ (ಕರಗಿರೋ ಲವಣದ ಪ್ರಮಾಣ) ನೋಡೋ ಚಿಕ್ಕ ಮೀಟರು, ಒಂದು ನೋಟ್‌ಬುಕ್ಕು. ಇಷ್ಟರ ಜೊತೆ ನಿಮ್ಮದೇ ಆದ ಒಬ್ಬ ಲಾಯರ್. ಬ್ರೋಕರ್ ತೋರಿಸಿದ ಲಾಯರ್ ಬೇಡ, ಓನರ್ ಕಡೆಯವ್ರು ಅಂತೂ ಬೇಡ್ವೇ ಬೇಡ. ಅದೇ ತಾಲ್ಲೂಕಿನ ಜಮೀನು ಪತ್ರ ನೋಡಿ ಅಭ್ಯಾಸ ಇರೋರಾದ್ರೆ ಒಳ್ಳೇದು, ಯಾವ ಊರಲ್ಲಿ ಯಾವ ಸರ್ವೆ ನಂಬರ್ ಮೇಲೆ ತಕರಾರಿದೆ ಅಂತ ಅವ್ರಿಗೆ ಅಂದಾಜಿರುತ್ತೆ.

ಹಂತ 1: ಕೈಯಿಂದ ಎಷ್ಟು ಹಾಕ್ಬೇಕು ಅಂತ ಲೆಕ್ಕ ಹಾಕಿ

ಮನೆ 60 ಲಕ್ಷ ಅಂದ್ಕೊಳ್ಳಿ. ರಿಸರ್ವ್ ಬ್ಯಾಂಕ್ ರೂಲ್ ಪ್ರಕಾರ ಹೋಮ್ ಲೋನ್ 30 ಲಕ್ಷದ ತನಕ ಇದ್ರೆ ಮನೆ ಬೆಲೆಯ 90% ವರೆಗೆ ಕೊಡಬಹುದು, 30ರಿಂದ 75 ಲಕ್ಷದ ಲೋನಿಗೆ 80%, ಅದಕ್ಕಿಂತ ಮೇಲೆ 75%. ಸೋ ನೀವು 80% ಅಂದ್ರೆ 48 ಲಕ್ಷ ಸಿಗುತ್ತೆ, ನಾವು 12 ಹಾಕಿದ್ರೆ ಆಯ್ತು ಅಂದ್ಕೋತೀರ.

ಎಡವೋದು ಇಲ್ಲೇ. ಬ್ಯಾಂಕು ಲೆಕ್ಕ ಹಾಕೋದು ಓನರ್ ಹೇಳಿದ ರೇಟಿಗಲ್ಲ, ಅವ್ರ ವ್ಯಾಲ್ಯುಯರ್ ಬಂದು ಬರೆದ ಬೆಲೆಗೆ. ಅವ್ರು 52 ಲಕ್ಷ ಅಂತ ಬರೆದ್ರೆ ಲೋನ್ 41.6 ಲಕ್ಷಕ್ಕೆ ಇಳಿಯುತ್ತೆ, ನಿಮ್ಮ ಕೈಯಿಂದ 18.4 ಹೋಗುತ್ತೆ. ಇದರ ಮೇಲೆ ರಿಜಿಸ್ಟ್ರೇಷನ್ ಖರ್ಚು: ಸ್ಟ್ಯಾಂಪ್ ಡ್ಯೂಟಿ 5%, ಆ ಡ್ಯೂಟಿ ಮೇಲೆ 10% ಸೆಸ್ಸು, ಅದೇ ಡ್ಯೂಟಿ ಮೇಲೆ ಸರ್‌ಚಾರ್ಜ್ ನಗರಸಭೆ ಕಡೆ 2%, ಹಳ್ಳಿ ಕಡೆ 3%. ರಿಜಿಸ್ಟ್ರೇಷನ್ ಫೀ ಮುಂಚೆ 1% ಇತ್ತು, 2025ರ ಆಗಸ್ಟ್ 31ರಿಂದ 2% ಆಗಿದೆ. ಎಲ್ಲಾ ಕೂಡಿ ಸುಮಾರು 7.6%. 60 ಲಕ್ಷಕ್ಕೆ 4 ಲಕ್ಷ 56 ಸಾವಿರ. ಇದಕ್ಕೆ ಬ್ಯಾಂಕ್ ಸಾಮಾನ್ಯವಾಗಿ ದುಡ್ಡು ಕೊಡಲ್ಲ. ಅಂದ್ರೆ 12 ಲಕ್ಷ ಅಂದ್ಕೊಂಡಿದ್ದು 23 ಲಕ್ಷದ ಹತ್ರ ಬಂತು, ಲಾಯರ್ ಫೀ, ಬ್ರೋಕರ್ ಕಮಿಷನ್, ಪೇಂಟು, ಗ್ರಿಲ್ಲು ಬೇರೆ.

ಈ ದುಡ್ಡು ಇಲ್ಲ ಅಂದ್ರೆ ಈಗ್ಲೇ ಬಜೆಟ್ ಇಳಿಸಿ. ಚಿನ್ನ ಅಡ ಇಟ್ಟು, ಪರ್ಸನಲ್ ಲೋನ್ ತಗೊಂಡು ಈ ಗ್ಯಾಪ್ ತುಂಬಿದೋರ ಮನೆ ಪರಿಸ್ಥಿತಿ ಮೊದಲೆರಡು ವರ್ಷ ತುಂಬಾ ಕಷ್ಟ ಆಗುತ್ತೆ.

ಹಂತ 2: ಆಗೋದಾದ್ರೆ ಅದೇ ಏರಿಯಾದಲ್ಲಿ ಬಾಡಿಗೆಗಿದ್ದು ನೋಡಿ

ಭಾನುವಾರ ಬೆಳಿಗ್ಗೆ ಕಾರಲ್ಲಿ ಬಂದು ಲೇಔಟ್ ನೋಡಿ "ಅರ್ಧ ಗಂಟೆಗೆ ಬಂದ್ವಿ" ಅನ್ನೋರು ಜಾಸ್ತಿ. ತುಮಕೂರು ರೋಡು ಸೋಮವಾರ ಬೆಳಿಗ್ಗೆ ಬೇರೆ ರೋಡು. ಹಬ್ಬದ ಹಿಂದಿನ ದಿನ ಸಂಜೆಯಂತೂ ತುಮಕೂರು, ಶಿವಮೊಗ್ಗ, ಹುಬ್ಬಳ್ಳಿ ಕಡೆಯವ್ರು, ಹಾಸನ ಮಂಗಳೂರು ಕಡೆಯವ್ರು ಎಲ್ಲಾ ಒಟ್ಟಿಗೆ ಇದೇ ರೋಡಿಗೆ ಇಳೀತಾರೆ. ಬಾಡಿಗೆಗೆ ಬರೋಕಾಗಲ್ಲ ಅಂದ್ರೆ ಕೊನೇಪಕ್ಷ ಒಂದು ವಾರ ಆಫೀಸ್ ಟೈಮಿಗೆ ಅಲ್ಲಿಂದ ಹೊರಟು ಆಫೀಸ್ ಮುಟ್ಟಿ, ಸಂಜೆ ಅದೇ ದಾರೀಲಿ ವಾಪಸ್ ಬನ್ನಿ. ಮಳೆ ಬಂದ ದಿನ ಸೇರಿಸ್ಕೊಳ್ಳಿ.

ಬ್ರೋಷರಲ್ಲಿ "ಮೆಟ್ರೋ ಹತ್ರ" ಅಂತ ಬರೆದಿರೋದನ್ನ ನಂಬ್ಕೊಂಡು ಕೂರಬೇಡಿ. ಹಸಿರು ಲೈನ್ 2024ರ ನವೆಂಬರಲ್ಲಿ ಮಾದಾವರ ತನಕ ಬಂತು, ತುಂಬಾ ಉಪಯೋಗ ಆಗಿದೆ, ಆದ್ರೆ ಅಲ್ಲಿಂದ ನೆಲಮಂಗಲ ಪೇಟೆಗೆ ಇನ್ನೂ ಬಸ್ಸೋ ಬೈಕೋ ಬೇಕು. ಬಿಡದಿ ಕಡೆಯವ್ರಿಗೆ ಚಲ್ಲಘಟ್ಟ ಸ್ಟೇಷನ್ನು, ಚಂದಾಪುರ ಅತ್ತಿಬೆಲೆ ಕಡೆಯವ್ರಿಗೆ 2025ರ ಆಗಸ್ಟಿಂದ ಬೊಮ್ಮಸಂದ್ರ. ನಿಮ್ಮ ಮನೆಯಿಂದ ಸ್ಟೇಷನ್ನಿಗೆ ರಾತ್ರಿ ಒಂಬತ್ತಕ್ಕೆ ಏನು ಸಿಗುತ್ತೆ ಅಂತ ನೋಡಿ, ಆಟೋದವ್ರು ಲೇಔಟ್ ಒಳಗೆ ಬರ್ತಾರಾ ಕೇಳಿ. ದಿನಾ ಟೋಲ್ ದಾಟಬೇಕಾ ಅದನ್ನೂ ತಿಂಗಳ ಲೆಕ್ಕಕ್ಕೆ ಹಾಕಿ, ಟೋಲ್ ಹತ್ರ ವಾಸ ಇರೋರಿಗೆ ತಿಂಗಳ ಪಾಸ್ ಸಿಗುತ್ತೆ, ಅಡ್ರೆಸ್ ಪ್ರೂಫ್ ಬೇಕು.

ಇನ್ನು ಸ್ಕೂಲು, ರಾತ್ರಿ ಡಾಕ್ಟ್ರು, ಕಸದ ಗಾಡಿ, ಬೀದಿ ದೀಪ. ಇವನ್ನ ಓನರ್ ಕೇಳಬೇಡಿ, ಲೇಔಟ್ ಮೂಲೇಲಿರೋ ಅಂಗಡಿಯವ್ರನ್ನ ಕೇಳಿ.

ಹಂತ 3: ನೀರು

ಪೇಪರ್ ನೋಡೋ ಮುಂಚೆ ನೀರು ನೋಡಿ. ಯಾಕಂದ್ರೆ ನೀರಿಲ್ಲ ಅಂದ್ರೆ ಲಾಯರ್ ಫೀ ಉಳಿಯುತ್ತೆ. ಈ ಕಡೆ ನದಿ ನೀರು ನಲ್ಲೀಲಿ ಬರೋ ಜಾಗ ಕಮ್ಮಿ, ಬಹುಪಾಲು ಬೋರ್‌ವೆಲ್ಲು. ಬೆಂಗಳೂರು ಗ್ರಾಮಾಂತರದಲ್ಲಿ ಸಾವಿರ ಅಡಿ ದಾಟಿ ಕೊರೆಸೋದು ಮಾಮೂಲಿ ಆಗೋಗಿದೆ.

ಕೇಳಬೇಕಾದ್ದು ಇಷ್ಟು: ಲೇಔಟಲ್ಲಿ ಒಟ್ಟು ಎಷ್ಟು ಬೋರ್ ಕೊರೆಸಿದ್ರು, ಅದರಲ್ಲಿ ಎಷ್ಟು ಬತ್ತಿದೆ, ಈಗ ಓಡ್ತಿರೋದು ಎಷ್ಟು ಅಡಿ, ಯಾವ ವರ್ಷದ್ದು, ಏಪ್ರಿಲಲ್ಲಿ ದಿನಕ್ಕೆ ಎಷ್ಟು ಹೊತ್ತು ನೀರು ಬಿಡ್ತಾರೆ. "ನಮ್ಮಲ್ಲಿ 24 ಗಂಟೆ ನೀರು" ಅನ್ನೋ ಉತ್ತರ ಬಂದ್ರೆ ಸೀದಾ ನೀರು ಬಿಡೋ ವಾಟರ್‌ಮ್ಯಾನ್ ಹತ್ರ ಹೋಗಿ. ಇನ್ನೊಂದು ದಾರಿ, ಟ್ಯಾಂಕರ್ ಡ್ರೈವರ್ ಒಬ್ರನ್ನ ನಿಲ್ಲಿಸಿ "ಈ ಲೇಔಟಿಗೆ ಬೇಸಿಗೇಲಿ ಎಷ್ಟು ಲೋಡ್ ಹಾಕ್ತೀರಣ್ಣ?" ಅಂತ ಕೇಳಿ. ಅವ್ರಿಗೆ ಸುಳ್ಳು ಹೇಳೋ ಅವಶ್ಯಕತೆ ಇಲ್ಲ.

ನೀರಿನ ಗುಣ ಬೇರೆ ವಿಷಯ. ಮೀಟರ್ ಹಾಕಿ ಟಿಡಿಎಸ್ ನೋಡಿ, ಕುಡಿಯೋ ನೀರಿಗೆ 500 ಒಳಗಿದ್ರೆ ಒಳ್ಳೇದು, ಬೇರೆ ಮೂಲ ಇಲ್ದಿದ್ರೆ 2000 ತನಕ ಅಂತ ಬಿಐಎಸ್ ಮಾನದಂಡ. ಆದ್ರೆ ಆ ಮೀಟರಲ್ಲಿ ಫ್ಲೋರೈಡ್ ಗೊತ್ತಾಗಲ್ಲ. ಬಾಟಲಿ ನೀರು ಲ್ಯಾಬಿಗೆ ಕೊಟ್ಟು ಟೆಸ್ಟ್ ಮಾಡ್ಸಿ, ಲೀಟರಿಗೆ 1 ಮಿಲಿಗ್ರಾಂ ಒಳಗಿರ್ಬೇಕು, 1.5 ದಾಟಿದ್ರೆ ಕುಡಿಯೋಕೆ ಬೇರೆ ನೀರೇ ಬೇಕು. ಚಿಕ್ಕ ಮಕ್ಕಳಿರೋ ಮನೆಯವ್ರು ಇದನ್ನ ಬಿಡಬೇಡಿ, ಹಲ್ಲು ಮೂಳೆ ಎರಡಕ್ಕೂ ತೊಂದ್ರೆ.

ಹಂತ 4: ಜಾಗ ಯಾವ ಥರದ್ದು ಅಂತ ತಿಳ್ಕೊಳ್ಳಿ

ಅತಿ ಹೆಚ್ಚು ಜನ ಸೋಲೋ ಹಂತ ಇದು. ಓನರ್ "ಇ-ಖಾತಾ ಇದೆ ಸಾರ್" ಅಂದ ತಕ್ಷಣ ನೆಮ್ಮದಿ ಆಗ್ತಾರೆ. ಖಾತಾ ಅಂದ್ರೆ ತೆರಿಗೆ ಕಟ್ಟೋ ಲೆಕ್ಕ, ಅದು ಮಾಲೀಕತ್ವದ ಪತ್ರ ಅಲ್ಲ, ಮತ್ತೆ ಇ-ಖಾತಾದಲ್ಲೂ ಬೇರೆ ಬೇರೆ ಇವೆ.

ಗ್ರಾಮ ಪಂಚಾಯ್ತಿ ಜಾಗ ಆದ್ರೆ ಇ-ಸ್ವತ್ತಿನಲ್ಲಿ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ಫಾರಂ 9 ಮತ್ತು ಫಾರಂ 11ಎ ಇರ್ಬೇಕು. ಕೈಗೆ 11ಬಿ ಕೊಟ್ರೆ ಅಪ್ರೂವಲ್ ಇಲ್ಲದ ಜಾಗ ಅಂತ ಅರ್ಥ, ತೆರಿಗೆ ಕಟ್ಟಿಸ್ಕೊಳ್ತಾರೆ ಅಷ್ಟೆ. ಸರ್ಕಾರಿ ಬ್ಯಾಂಕುಗಳು ಇದಕ್ಕೆ ಸಾಮಾನ್ಯವಾಗಿ ಲೋನ್ ಕೊಡಲ್ಲ, ನಾಳೆ ನೀವು ಮಾರೋಕೆ ಹೋದಾಗ್ಲೂ ಗಿರಾಕಿ ಕಮ್ಮಿ. ನಗರಸಭೆ, ಪುರಸಭೆ ಒಳಗೆ ಬಂದ್ರೆ ಅಲ್ಲಿಯ ಇ-ಆಸ್ತಿ ಖಾತಾ ಬೇಕು, ಅಲ್ಲೂ ಎ ಬಿ ಅಂತ ಇದೆ, ಎ ನೇ ಬೇಕು. ಕೆಲವು ಹಳ್ಳಿಗಳು ಪಂಚಾಯ್ತಿಯಿಂದ ನಗರಸಭೆಗೆ ಸೇರಿವೆ, ಅಂಥ ಕಡೆ ಹಳೇ ಪಂಚಾಯ್ತಿ ಖಾತಾ ತೋರಿಸಿದ್ರೆ ಒಪ್ಕೋಬೇಡಿ.

ಖಾತಾದ ಹಿಂದಿನ ಕೊಂಡಿಗಳನ್ನ ಈ ಕ್ರಮದಲ್ಲಿ ಕೇಳಿ. ಮೊದಲು ಭೂಪರಿವರ್ತನೆ ಆದೇಶ, ಅಂದ್ರೆ ಡಿಸಿ ಕನ್ವರ್ಷನ್ನು, ಇದು ಭೂಕಂದಾಯ ಕಾಯ್ದೆ ಸೆಕ್ಷನ್ 95ರಲ್ಲಿ ಆಗೋದು. ಆದೇಶದಲ್ಲಿ "ವಾಸದ ಉದ್ದೇಶಕ್ಕೆ" ಅಂತ ಇರ್ಬೇಕು, ಕೈಗಾರಿಕೆ ಅಂತಿದ್ರೆ ಆಗಲ್ಲ. ಆಮೇಲೆ ಯೋಜನಾ ಪ್ರಾಧಿಕಾರದ ಲೇಔಟ್ ಪ್ಲಾನ್. ನೆಲಮಂಗಲ, ಹೊಸಕೋಟೆ, ಆನೇಕಲ್ಲಿಗೆ ಅವರವ್ರ ಯೋಜನಾ ಪ್ರಾಧಿಕಾರ ಇವೆ, ದೇವನಹಳ್ಳಿ ಕಡೆ ಬಯಾಪಾ (ಏರ್‌ಪೋರ್ಟ್ ಸುತ್ತಲಿನ ಯೋಜನಾ ಪ್ರಾಧಿಕಾರ). ಪ್ಲಾನಲ್ಲಿ ಪಾರ್ಕು, ರಸ್ತೆ, ಸಿಎ ಸೈಟು (ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ಎಲ್ಲಿದೆ ನೋಡಿ, ನಿಮಗೆ ತೋರಿಸ್ತಿರೋ ಸೈಟ್ ನಂಬರ್ ಆ ಪ್ಲಾನಲ್ಲಿ ಇದೆಯಾ ನೋಡಿ. ಪಾರ್ಕಿಗೆ ಬಿಟ್ಟ ಜಾಗಾನ ಸೈಟ್ ಮಾಡಿ ಮಾರಿರೋದು ಉಂಟು. ಕೊನೇದು ಸೈಟ್ ಬಿಡುಗಡೆ ಪತ್ರ: ಚರಂಡಿ, ರೋಡು, ಕರೆಂಟು ಕೆಲಸ ಆದ ಹಾಗೆ ಪ್ರಾಧಿಕಾರ ಹಂತ ಹಂತವಾಗಿ ಸೈಟ್ ಬಿಡುಗಡೆ ಮಾಡುತ್ತೆ, ನಿಮ್ಮ ಸೈಟ್ ಬಿಡುಗಡೆ ಲಿಸ್ಟಲ್ಲಿ ಇಲ್ಲದಿದ್ರೆ ಕಾಯಿರಿ.

500 ಚದರ ಮೀಟರ್ ಮೀರಿದ ಲೇಔಟಾದ್ರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ರಿಜಿಸ್ಟ್ರೇಷನ್ ನಂಬರ್ ಕೇಳಿ, ಕರ್ನಾಟಕ ರೇರಾ ಸೈಟಲ್ಲಿ ಹಾಕಿ ಪ್ರಾಜೆಕ್ಟ್ ಮೇಲೆ ಎಷ್ಟು ಕಂಪ್ಲೇಂಟ್ ಇದೆ ಅಂತ್ಲೂ ನೋಡಬಹುದು.

ಅಪಾಯದ ಗುರುತುಗಳು: "ಗ್ರಾಮಠಾಣಾ ಸೈಟು, ಕನ್ವರ್ಷನ್ ಬೇಡ" ಅಂತಾರೆ, ಆದ್ರೆ ಜಾಗ ಊರಾಚೆ ಹೊಲದ ಮಧ್ಯೆ ಇರುತ್ತೆ. ಗ್ರಾಮಠಾಣಾ ಅಂದ್ರೆ ಹಳೇ ಊರಿನ ಗಡಿ ಒಳಗಿನ ಜಾಗ, ಗ್ರಾಮ ನಕ್ಷೆಲಿ ಗೆರೆ ಎಳೆದಿರುತ್ತೆ, ದಿಶಾಂಕ್ ಆನ್ ಮಾಡಿ ಸೈಟ್ ಮೇಲೆ ನಿಂತಾಗ ಸರ್ವೆ ನಂಬರ್ ಬಂತು ಅಂದ್ರೆ ಅನುಮಾನ ಪಡಿ. "ಗುಂಟೆ ಲೆಕ್ಕದಲ್ಲಿ ರಿಜಿಸ್ಟರ್ ಮಾಡ್ಕೊಡ್ತೀವಿ" ಅಂತಾರೆ, ಅಂದ್ರೆ ಕೃಷಿ ಜಮೀನು, ಕನ್ವರ್ಷನ್ ಆಗಿಲ್ಲ. "ಜಿಪಿಎ ಮಾಡ್ಕೊಡ್ತೀವಿ" ಅಂದ್ರೆ ಅಲ್ಲಿಂದ ಎದ್ದು ಬನ್ನಿ, ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸೋ ಅಧಿಕಾರ ಪತ್ರ) ಮೂಲಕ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಇನ್ನೊಂದು, ಅರ್ಕಾವತಿ ಮತ್ತೆ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶಕ್ಕೆ 2003ರಿಂದ ನಿರ್ಬಂಧ ಇದೆ, 2019ರಲ್ಲಿ ಅದನ್ನ ಬದಲಾಯಿಸಿದ್ರು, ನೆಲಮಂಗಲ ದೊಡ್ಡಬಳ್ಳಾಪುರ ಮಾಗಡಿ ಕಡೆ ತಗೊಳ್ಳೋರು ನಿಮ್ಮ ಸರ್ವೆ ನಂಬರ್ ಯಾವ ವಲಯದಲ್ಲಿದೆ ಅಂತ ಪ್ರಾಧಿಕಾರದಲ್ಲಿ ಕೇಳಿ.

ಹಂತ 5: ಪಹಣಿ, ಇಸಿ, ಮೂಲಪತ್ರ

ಈಗ ಲಾಯರ್ ಹತ್ರ ಹೋಗೋ ಟೈಮು, ಆದ್ರೆ ನೀವೂ ಓದಿ. ಲೇಔಟ್ ಆಗೋ ಮುಂಚಿನ ಜಮೀನಿನ ಪಹಣಿನ ಕಂದಾಯ ಇಲಾಖೆಯ 'ಭೂಮಿ' ವೆಬ್‌ಸೈಟಲ್ಲಿ ತೆಗೀರಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು ಮತ್ತೆ ವಿಸ್ತೀರ್ಣ, 10ರಲ್ಲಿ ಅದು ಅವ್ರಿಗೆ ಹೇಗೆ ಬಂತು ಅನ್ನೋ ಎಂಆರ್ ನಂಬರ್ (ಮ್ಯುಟೇಷನ್, ಅಂದ್ರೆ ಹಕ್ಕು ಬದಲಾವಣೆ ದಾಖಲೆ), 11ರಲ್ಲಿ ಸಾಲ, ತಡೆಯಾಜ್ಞೆ, ಭೂಸ್ವಾಧೀನದಂಥ ವಿಷಯ. ಕೈಗಾರಿಕೆಗೆ ಜಮೀನು ತಗೊಳ್ಳೋ ಸರ್ಕಾರಿ ಮಂಡಳಿ ಕೆಐಎಡಿಬಿಯ ನೋಟಿಫಿಕೇಶನ್ ಆಗಿದ್ರೆ 28(1) ಅಥವಾ 28(4) ಅಂತ ಅಲ್ಲಿ ಕಾಣ್ಬಹುದು, ದಾಬಸ್‌ಪೇಟೆ ಕಡೆಯವ್ರು ಇದನ್ನ ಎರಡು ಸಲ ನೋಡಿ. 10ನೇ ಕಾಲಂನ ಎಂಆರ್ ನಂಬರ್ ಹಿಡ್ಕೊಂಡು ಒಂದೊಂದೇ ಮ್ಯುಟೇಷನ್ ಹಿಂದಕ್ಕೆ ಹೋಗ್ತಾ ಇರಿ, ಮೂವತ್ತು ವರ್ಷಕ್ಕಿಂತ ಹಿಂದಕ್ಕೆ.

ಹಿಂದೆ ಹೋದಾಗ ಎಲ್ಲಾದ್ರೂ "ಮಂಜೂರು" ಅಥವಾ ಸಾಗುವಳಿ ಚೀಟಿ ಅಂತ ಬಂದ್ರೆ ಅಲ್ಲೇ ನಿಲ್ಲಿ. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಸರ್ಕಾರ ಕೊಟ್ಟ ಜಮೀನಾಗಿದ್ರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದು ಅಸಿಂಧು, ಜಮೀನು ಆ ಕುಟುಂಬಕ್ಕೆ ವಾಪಸ್ ಹೋಗುತ್ತೆ. ಹೋಗಬೇಕಾದ್ದೇ, ಅವ್ರ ಜಮೀನು ಉಳೀಲಿ ಅಂತಾನೇ ಆ ಕಾಯ್ದೆ ಬಂದಿದ್ದು. 2023ರ ತಿದ್ದುಪಡಿ ಆದ್ಮೇಲೆ ಅರ್ಜಿ ಹಾಕೋಕೆ ಕಾಲಮಿತಿನೂ ಇಲ್ಲ, ಹಾಗಾಗಿ "ನಲವತ್ತು ವರ್ಷ ಹಳೇದು ಸಾರ್, ಏನೂ ಆಗಲ್ಲ" ಅನ್ನೋ ಮಾತಿಗೆ ಬೆಲೆ ಇಲ್ಲ. ಈ ಕೇಸುಗಳು ನಡೆಯೋದು ಉಪವಿಭಾಗಾಧಿಕಾರಿ ಕೋರ್ಟಲ್ಲಿ, ಸಿವಿಲ್ ಕೋರ್ಟ್ ವೆಬ್‌ಸೈಟಲ್ಲಿ ಹುಡುಕಿದ್ರೆ ಸಿಗಲ್ಲ.

ಇಸಿ ವಿಷಯ. ಕಾವೇರೀಲಿ 2004ರಿಂದ ಈಚೆಗಿನದು ಆನ್‌ಲೈನಲ್ಲೇ ಸಿಗುತ್ತೆ, ಹಳೇದಕ್ಕೆ ಅರ್ಜಿ ಹಾಕ್ಬೇಕು. ವ್ಯವಹಾರ ಇದ್ರೆ ಫಾರಂ 15, ಏನೂ ಇಲ್ಲ ಅಂದ್ರೆ ಫಾರಂ 16 ಬರುತ್ತೆ. ಫಾರಂ 16 ಬಂತು, ಕ್ಲೀನ್ ಅಂತ ಖುಷಿಪಡೋದು ದೊಡ್ಡ ತಪ್ಪು. ಜಮೀನಾಗಿದ್ದಾಗ ಸರ್ವೆ ನಂಬರ್ ಮೇಲೆ ರಿಜಿಸ್ಟರ್ ಆಗಿರುತ್ತೆ, ಸೈಟ್ ಆದ್ಮೇಲೆ ಸೈಟ್ ನಂಬರ್ ಖಾತಾ ನಂಬರ್ ಮೇಲೆ, ನೀವು ಒಂದೇ ವಿವರ ಹಾಕಿ ಹುಡುಕಿದ್ರೆ ಇನ್ನೊಂದು ಬರೋದೇ ಇಲ್ಲ. ಉದಾಹರಣೆಗೆ ಸರ್ವೆ ನಂಬರ್ 45/2ರಲ್ಲಿ ಸೈಟ್ ನಂಬರ್ 18 ಅಂದ್ರೆ, 45/2ಕ್ಕೆ ಒಂದು ಇಸಿ, ಪೋಡಿ (ಸರ್ವೆ ನಂಬರ್ ಭಾಗ ಮಾಡೋದು) ಆಗೋ ಮುಂಚಿನ 45ಕ್ಕೆ ಒಂದು, ಸೈಟ್ 18ಕ್ಕೆ ಒಂದು, ಇ-ಖಾತಾ ನಂಬರಿಗೆ ಒಂದು. ನಾಲ್ಕೂ ಪಕ್ಕಪಕ್ಕ ಇಟ್ಟು ತಾರೀಖಿನ ಪ್ರಕಾರ ಜೋಡಿಸಿ. ಕೋರ್ಟ್ ಕೇಸು, ರಿಜಿಸ್ಟರ್ ಆಗದ ಅಗ್ರಿಮೆಂಟು, ಬಾಯ್ಮಾತಿನ ಪಾಲು ಇಸಿಲಿ ಬರಲ್ಲ. ಓನರ್ ಹೆಸರು, ಅವ್ರ ಅಪ್ಪನ ಹೆಸರು ಹಾಕಿ ಇ-ಕೋರ್ಟ್ಸ್ ಸೈಟಲ್ಲೂ ಹುಡುಕಿ.

ಕುಟುಂಬದ ಸಹಿ. ವಂಶವೃಕ್ಷ ತರಿಸ್ಕೊಂಡು ಒಬ್ಬೊಬ್ರನ್ನೇ ಲೆಕ್ಕ ಹಾಕಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತ ಆಸ್ತೀಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಸಮನಾದ ಪಾಲಿದೆ, ಮದುವೆ ಆಗಿದ್ರೂ ಅಷ್ಟೇ. "ತಂಗಿಗೆ ಮದುವೇಲಿ ಚಿನ್ನ ಹಾಕಿದೀವಿ, ಅವಳು ಕೇಳಲ್ಲ" ಅನ್ನೋದು ಪತ್ರದಲ್ಲಿ ನಿಲ್ಲಲ್ಲ. ಆಕೆ ಬಂದು ಸಹಿ ಹಾಕ್ಬೇಕು, ಇಲ್ಲ ರಿಜಿಸ್ಟರ್ ಆದ ಹಕ್ಕುಬಿಡುಗಡೆ ಪತ್ರ ಇರ್ಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಬಿಟ್ಟು ಮಾಡಿಸಿರೋದೂ ಇರುತ್ತೆ, ಊರಲ್ಲಿ ಇಬ್ರು ಹಿರಿಯರನ್ನ ವಿಚಾರಿಸಿದ್ರೆ ಗೊತ್ತಾಗೋಗುತ್ತೆ. ಅಪ್ರಾಪ್ತ ಮಕ್ಕಳ ಪಾಲಿದ್ರೆ ಕೋರ್ಟ್ ಅನುಮತಿ ಬೇಕಾಗುತ್ತಾ ಅಂತ ಲಾಯರ್ ಹತ್ರ ಬರವಣಿಗೇಲಿ ಅಭಿಪ್ರಾಯ ತಗೊಳ್ಳಿ.

ಮೂಲಪತ್ರದ ಒರಿಜಿನಲ್ ಕಣ್ಣಾರೆ ನೋಡಿ. ಬರೀ ಜೆರಾಕ್ಸ್ ತೋರಿಸಿ "ಒರಿಜಿನಲ್ ಅಣ್ಣನ ಮನೇಲಿದೆ" ಅಂದ್ರೆ ಬ್ಯಾಂಕಲ್ಲೋ ಕೈಸಾಲ ಕೊಟ್ಟೋರ ಹತ್ರನೋ ಇರೋ ಸಾಧ್ಯತೆ ಜಾಸ್ತಿ.

ಹಂತ 6: ಟೇಪ್ ಹಿಡಿದು ಅಳೀರಿ, ಮನೆ ತಟ್ಟಿ ನೋಡಿ

30×40 ಸೈಟು ಅಂದ್ರೆ ನಾಲ್ಕು ಬದಿ ಅಳೆದ್ರೆ ಸಾಲದು, ಮೂಲೆಯಿಂದ ಮೂಲೆಗೆ ಅಳೀರಿ, ಎರಡೂ ಕಡೆ ಸರಿಯಾಗಿ 50 ಅಡಿ ಬರ್ಬೇಕು. ಒಂದು ಕಡೆ 51, ಇನ್ನೊಂದು ಕಡೆ 49 ಬಂದ್ರೆ ಸೈಟು ಓರೆ ಇದೆ. ಸುತ್ತಲೂ ಕಾಂಪೌಂಡ್ ಹಾಕ್ಬಿಟ್ಟಿದ್ರೆ ಪಕ್ಕದವ್ರು ಒಳಗೆ ಬಂದಿದಾರಾ ಅನ್ನೋದೂ ಆಗ್ಲೇ ಗೊತ್ತಾಗುತ್ತೆ. ಪತ್ರದಲ್ಲಿರೋ ಚೆಕ್ಕುಬಂದಿ ಓದ್ತಾ ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಏನು ಅಂತ ನಿಂತ ಜಾಗದಲ್ಲೇ ತಾಳೆ ನೋಡಿ. ಗ್ರಾಮ ನಕ್ಷೆಲಿ ರಾಜಕಾಲುವೆ, ಕೆರೆ, ಬಂಡಿದಾರಿ ಹಾದು ಹೋಗಿದೆಯಾ, ತಲೆ ಮೇಲೆ ಹೈಟೆನ್ಷನ್ ಲೈನ್ ಇದೆಯಾ ನೋಡಿ.

ಕಟ್ಟಿರೋ ಮನೆ ಆದ್ರೆ ಮಳೆಗಾಲದಲ್ಲಿ ನೋಡೋದು ವಾಸಿ. ಹೊಸ ಪೇಂಟ್ ವಾಸನೆ ಬಂದ್ರೆ ಬಾತ್‌ರೂಮಿನ ಆಚೆ ಗೋಡೆ, ಕಿಟಕಿ ಕೆಳಗಿನ ಮೂಲೆ, ಮೇಲ್ಛಾವಣಿ ಅಂಚಿಗೆ ಕೈ ಇಟ್ಟು ನೋಡಿ, ಒದ್ದೆ ಇದ್ರೆ ತಣ್ಣಗಿರುತ್ತೆ, ಪೇಂಟು ಉಬ್ಬಿರುತ್ತೆ. ಬಾತ್‌ರೂಮಲ್ಲಿ ಒಂದು ಬಕೆಟ್ ನೀರು ಸುರಿದು ಎಲ್ಲಿಗೆ ಹರಿಯುತ್ತೆ ನೋಡಿ. ಟೈಲ್ಸನ್ನ ನಾಣ್ಯದಲ್ಲಿ ತಟ್ಟಿ, ಡೊಳ್ಳು ಸದ್ದು ಬಂದ್ರೆ ಕೆಳಗೆ ಸಿಮೆಂಟ್ ಸರಿಯಾಗಿ ಕೂತಿಲ್ಲ. ಸಂಪಿನ ಮುಚ್ಚಳ ತೆಗೆಸಿ ಒಳಗೆ ಟಾರ್ಚ್ ಬಿಡಿ, ಟಾಯ್ಲೆಟ್ ಪಿಟ್ ಗುಂಡಿ ಸಂಪಿಗೆ ಎಷ್ಟು ದೂರ ಇದೆ ಕೇಳಿ, ಯುಜಿಡಿ (ಒಳಚರಂಡಿ) ಇಲ್ಲದ ಲೇಔಟಲ್ಲಿ ಇದು ಮುಖ್ಯ. ಆಮೇಲೆ ಅಪ್ರೂವ್ಡ್ ಪ್ಲಾನಲ್ಲಿ ಎಷ್ಟು ಮಹಡಿ ಇದೆ, ನಿಂತಿರೋದು ಎಷ್ಟು ಅಂತ ಎಣಿಸಿ. ಕರೆಂಟ್ ಮೀಟರ್ ಟೆಂಪರರಿ ಕನೆಕ್ಷನ್ನಾ ಪರ್ಮನೆಂಟಾ ಅಂತ ಬಿಲ್ ನೋಡಿ ತಿಳ್ಕೊಳ್ಳಿ, ಓಸಿ (ವಾಸಕ್ಕೆ ಯೋಗ್ಯ ಅನ್ನೋ ಪ್ರಮಾಣಪತ್ರ) ಇಲ್ಲದ ಮನೆಗಳಿಗೆ ಕನೆಕ್ಷನ್ ವಿಷಯದಲ್ಲಿ ನಿಯಮ ಆಗಾಗ ಬದಲಾಗ್ತಿದೆ, ಬೆಸ್ಕಾಂ ಆಫೀಸಲ್ಲೇ ಕೇಳೋದು ಸರಿ.

ಹಂತ 7: ಈಗ ಅಡ್ವಾನ್ಸು

ಇಲ್ಲಿವರೆಗೂ ಒಂದು ರೂಪಾಯಿ ಓನರ್ ಕೈಗೆ ಹೋಗಿರಬಾರದು. "ಇನ್ನೊಂದು ಪಾರ್ಟಿ ನಾಳೆ ಬರ್ತಿದೆ, ಇವತ್ತೇ ಟೋಕನ್ ಹಾಕಿ" ಅಂತ ಒತ್ತಡ ಹಾಕ್ತಾರೆ, ಹಾಕ್ಲಿ, ಆ ಮನೆ ಹೋದ್ರೆ ಹೋಯ್ತು.

ಪತ್ರದ ಸೆಟ್ ಬ್ಯಾಂಕಿಗೆ ಕೊಟ್ಟು ಅವ್ರ ಲೀಗಲ್ ಮತ್ತೆ ವ್ಯಾಲ್ಯುಯೇಷನ್ ಏನಾಗುತ್ತೆ ನೋಡಿ, ಕೆಲವು ಬ್ಯಾಂಕ್ ಅಗ್ರಿಮೆಂಟ್ ಇಲ್ಲದೆ ಫೈಲ್ ತಗೊಳ್ಳಲ್ಲ, ಹಾಗಿದ್ರೆ ಚಿಕ್ಕ ಅಡ್ವಾನ್ಸಿಗೆ ಅಗ್ರಿಮೆಂಟ್ ಮಾಡ್ಕೊಳ್ಳಿ. ಅದರಲ್ಲಿ ಈ ಸಾಲು ಇರ್ಲೇಬೇಕು: ಪತ್ರದ ದೋಷದಿಂದ ಬ್ಯಾಂಕ್ ಲೋನ್ ನಿರಾಕರಿಸಿದ್ರೆ ಪೂರ್ತಿ ಅಡ್ವಾನ್ಸು ಇಂತಿಷ್ಟು ದಿನದೊಳಗೆ ವಾಪಸ್. ದಿನದ ಸಂಖ್ಯೆ ಬರೆಸಿ. ರೇರಾ ಪ್ರಾಜೆಕ್ಟಾದ್ರೆ ರಿಜಿಸ್ಟರ್ಡ್ ಅಗ್ರಿಮೆಂಟ್ ಇಲ್ಲದೆ ಬಿಲ್ಡರ್ 10%ಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ದುಡ್ಡು ಅಕೌಂಟಿಗೇ ಹಾಕಿ, ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ಅಡ್ವಾನ್ಸನ್ನ ಕ್ಯಾಶಲ್ಲಿ ತಗೊಳ್ಳೋದು ಕಾನೂನಿಗೆ ವಿರುದ್ಧ. ಅರ್ಧ ಬ್ಲ್ಯಾಕ್ ಅರ್ಧ ವೈಟ್ ಅಂದ್ರೆ ನಾಳೆ ವ್ಯವಹಾರ ಮುರಿದ್ರೆ ಆ ಅರ್ಧಕ್ಕೆ ಸಾಕ್ಷಿನೇ ಇರಲ್ಲ.

ಲಾಯರ್ ಒಪ್ಪಿದ್ರೆ ಪೇಪರಲ್ಲಿ ಸಾರ್ವಜನಿಕ ಪ್ರಕಟಣೆ ಕೊಡ್ಸಿ. ಪಾಲುದಾರರು ಯಾರಾದ್ರೂ ಇದ್ರೆ ಆಗ ಎದ್ದು ಬರ್ತಾರೆ.

ಹಂತ 8: ರಿಜಿಸ್ಟ್ರೇಷನ್

ಕ್ರಯಪತ್ರದ ಡ್ರಾಫ್ಟ್ ಕಾವೇರೀಲಿ ಅಪ್‌ಲೋಡ್ ಆಗಿ, ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಪರಿಶೀಲಿಸಿ, ದುಡ್ಡು ಕಟ್ಟಿ, ಸ್ಲಾಟ್ ಬುಕ್ ಮಾಡಿ ಹೋಗೋದು ಈಗಿನ ಪದ್ಧತಿ. ಅಪ್‌ಲೋಡ್ ಮಾಡೋ ಮುಂಚೆ ಡ್ರಾಫ್ಟನ್ನ ಜೋರಾಗಿ ಓದಿಸ್ಕೊಳ್ಳಿ: ಹೆಸರಿನ ಅಕ್ಷರ ಆಧಾರ್ ಪ್ರಕಾರ ಇದೆಯಾ, ಸರ್ವೆ ನಂಬರ್, ಸೈಟ್ ನಂಬರ್, ಇ-ಖಾತಾ ನಂಬರ್, ಅಳತೆ, ಚೆಕ್ಕುಬಂದಿ. ಒಂದು ಅಂಕಿ ತಪ್ಪಿದ್ರೂ ತಿದ್ದುಪಡಿ ಪತ್ರಕ್ಕೆ ಓನರ್ ಮತ್ತೆ ಬಂದು ಕೂರಬೇಕು, ದುಡ್ಡು ಸಿಕ್ಕಿದ ಮೇಲೆ ಅವ್ರು ಫೋನೇ ಎತ್ತಲ್ಲ.

ಬೆಲೆ 50 ಲಕ್ಷ ಅಥವಾ ಜಾಸ್ತಿ ಇದ್ರೆ ಓನರಿಗೆ ಕೊಡೋದ್ರಲ್ಲಿ 1% ಟಿಡಿಎಸ್ (ಇದು ಆದಾಯ ತೆರಿಗೆ) ಹಿಡಿದು ನೀವೇ ಕಟ್ಟಬೇಕು, 60 ಲಕ್ಷಕ್ಕೆ 60,000. ಓನರ್ ವಿದೇಶದಲ್ಲಿದ್ರೆ ಲೆಕ್ಕ ಬೇರೆ, ದರ ತುಂಬಾ ಜಾಸ್ತಿ, ಆಡಿಟರ್ ಕೇಳದೆ ದುಡ್ಡು ಕಳಿಸಬೇಡಿ. ರಿಜಿಸ್ಟ್ರೇಷನ್ ದಿನವೇ ಬೆಳಿಗ್ಗೆ ಇನ್ನೊಂದು ಇಸಿ ತೆಗೆದು ನೋಡಿ, ಅಗ್ರಿಮೆಂಟ್ ಆದ್ಮೇಲೆ ಓನರ್ ಬೇರೆಯವ್ರಿಗೆ ಏನಾದ್ರೂ ಬರೆದುಕೊಟ್ಟಿದಾರಾ ಅಂತ.

ಹಂತ 9: ಕೀಲಿ ಕೈಗೆ ಬಂದ್ಮೇಲೆ

ಖಾತಾ ನಿಮ್ಮ ಹೆಸರಿಗೆ ಆಗೋ ತನಕ ಬಿಡಬೇಡಿ, ಪಂಚಾಯ್ತಿಲೋ ನಗರಸಭೇಲೋ ಅರ್ಜಿ ನಂಬರ್ ಇಟ್ಕೊಂಡು ವಿಚಾರಿಸ್ತಾ ಇರಿ. ಬೆಸ್ಕಾಂ ಹೆಸರು ಬದಲಾವಣೆಗೆ ಅರ್ಜಿ ಹಾಕಿ, ಹಳೇ ಓನರಿನ ಕೊನೇ ಕರೆಂಟ್ ಬಿಲ್ಲು, ತೆರಿಗೆ ರಸೀತಿ, ಲೇಔಟ್ ಸಂಘದ ಬಾಕಿ ಇಲ್ಲ ಅನ್ನೋ ಚೀಟಿ ಇಸ್ಕೊಳ್ಳಿ. ಸ್ವಲ್ಪ ದಿನ ಬಿಟ್ಟು ಇಸಿ ತೆಗೀರಿ, ನಿಮ್ಮ ಕ್ರಯಪತ್ರ ಅದರಲ್ಲಿ ಬಂದಿರ್ಬೇಕು. ಲೋನ್ ಇದ್ರೆ ಒರಿಜಿನಲ್ಸ್ ಬ್ಯಾಂಕಿಗೆ ಹೋಗುತ್ತೆ, ಕೊಡೋ ಮುಂಚೆ ಪ್ರತಿ ಪುಟ ಕಲರ್ ಸ್ಕ್ಯಾನ್ ಮಾಡಿ, ಬ್ಯಾಂಕ್ ಸೀಲ್ ಇರೋ ದಾಖಲೆ ಪಟ್ಟಿಗೆ ಸಹಿ ಹಾಕಿಸ್ಕೊಂಡೇ ಬನ್ನಿ.